ಗುರುಬಾಯಿಯ ನಾಲಗೆ ಮತ್ತು ಸೊನ್ನದ ಜೇನು

ಗೊಬ್ಬೂರಿನ ಗುರುಬಾಯಿಯ ಬಾಯಿ ಎಂಥದ್ದು ಎಂದು ಆ ಊರಿನವರನ್ನು ಕೇಳಿದರೆ ಅವರು ಮೊದಲು ಹಿಂದೆ ಮುಂದೆ ನೋಡುತ್ತಿದ್ದರು. ಅವಳು ಹತ್ತಿರದಲ್ಲೆಲ್ಲೂ ಇಲ್ಲ ಎಂದು ಖಾತ್ರಿಯಾದ ಮೇಲೆ ನಗುತ್ತಿದ್ದರು. ಬಾಯಿ ಬೊಂಬಾಯಿ ಎನ್ನುತ್ತೇವಲ್ಲ, ಆ ಮಾತು ಅವಳಿಗೆ ಸಾಲುತ್ತಿರಲಿಲ್ಲ. ಅವಳು ಬದುವಿನ ಮೇಲೆ ನಿಂತು ಆಳನ್ನು ಕೂಗಿದರೆ ಊರಮುಂದಿನ ಕಟ್ಟೆಯ ಮೇಲೆ ಮಲಗಿದವರು ಎದ್ದು ಕೂರುತ್ತಿದ್ದರು. ಹಾಗೆಂದು ಕೆಟ್ಟವಳೆಂದು ತಿಳಿಯಬೇಡಿ. ಬೈದ ಬಾಯಿಂದಲೇ ಊಟಕ್ಕೆ ಕರೆಯುವ ಹೆಂಗಸು ಅವಳು. ಏನೆಂದರೆ, ಊಟಕ್ಕೆ ಹೋದವನು ರೊಟ್ಟಿಯ ಜೊತೆಗೆ ಇನ್ನೆರಡು ಬೈಗುಳವನ್ನೂ ತಿಂದು ಬರಬೇಕಾಗುತ್ತಿತ್ತು.

ಆ ಬಾಯಿ ಅವಳಿಗೆ ಸುಮ್ಮನೆ ಬಂದದ್ದಲ್ಲ. ಗಂಡ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು, ಕಂಕುಳಲ್ಲಿ ಮಗಳು ಭಾಗಮ್ಮ. ಮೈದುನ ದತ್ತಪ್ಪ ಒಂದು ಬೆಳಗ್ಗೆ ಎರಡು ಹೊಲಗಳ ನಡುವಿನ ಬಾಂದಗಲ್ಲನ್ನು ಕಿತ್ತು ಅವಳ ಹೊಲದೊಳಕ್ಕೆ ನೆಟ್ಟುಬಿಟ್ಟ. ಗಂಡನಿಲ್ಲದವಳು, ಏನು ಮಾಡಿಯಾಳು ಎಂದುಕೊಂಡಿದ್ದ. ಗುರುಬಾಯಿ ಹೋಗಿ ಆ ಕಲ್ಲಿನ ಮೇಲೆಯೇ ಕೂತಳು. ಕೂತು ಬಾಯಿ ತೆರೆದಳು. ದತ್ತಪ್ಪನ ತಾತನ ಕಾಲದ ಕಳ್ಳತನಗಳಿಂದ ಶುರುಮಾಡಿದಳು. ಆ ತಾತ ತನ್ನ ಗಂಡನಿಗೂ ತಾತನೇ ಎನ್ನುವುದು ಅವಳಿಗೆ ಆ ಹೊತ್ತಿಗೆ ನೆನಪಿರಲಿಲ್ಲ. ದಾರಿಯಲ್ಲಿ ಹೋಗುವ ಬಂಡಿಯವರು ಎತ್ತು ನಿಲ್ಲಿಸಿ ಕೇಳಿದರು. ಹೊತ್ತು ಮುಳುಗುವುದರೊಳಗೆ ದತ್ತಪ್ಪನೇ ಬಂದು, ತಲೆ ತಗ್ಗಿಸಿ, ಕಲ್ಲನ್ನು ಮೊದಲಿದ್ದ ಕಡೆ ನೆಟ್ಟು ಹೋದ. ಅಲ್ಲಿಂದ ಮುಂದೆ ಅವಳ ಹೊಲದ ತಂಟೆಗೆ ಯಾರೂ ಬರಲಿಲ್ಲ.

ಮಗಳು ಮಾತ್ರ ತುಟಿ ಪಿಟಕ್ಕೆನ್ನದವಳು. ತಾಯಿ ಇಬ್ಬರ ಪಾಲಿನದನ್ನೂ ತಾನೇ ಮಾತಾಡಿಬಿಡುತ್ತಿದ್ದಳು, ಹುಡುಗಿಗೆ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಅವಳನ್ನು ಆಳಂದದ ಕಡೆಯ ಹಿರೋಳ್ಳಿಗೆ ಕೊಟ್ಟಿದ್ದರು. ಹೊಲ ಮನೆ ಇದ್ದ ಒಳ್ಳೆಯ ಕುಳ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಭಾಗಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಕರೆತಂದವಳು ಅತ್ತೆ ಸುಭದ್ರಾಬಾಯಿ. ದಿನ ಹತ್ತಿರ ಬಂದಿದೆ, ಮೊಮ್ಮಗುವಿನ ಮುಖ ನೋಡಿಕೊಂಡೇ ಹೋಗುತ್ತೇನೆ ಎಂದು ಆಕೆಯೂ ಗೊಬ್ಬೂರಿನಲ್ಲಿ ಉಳಿದಳು.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಆ ಸೀಮೆಯಲ್ಲಿ ಕೂಸು ಹುಟ್ಟಿದ ಕೂಡಲೇ, ತಾಯಿಯ ಹಾಲಿಗೂ ಮೊದಲು, ಮನೆಯ ಹಿರಿಯರೊಬ್ಬರು ಬೆರಳಿನಿಂದ ಅದಕ್ಕೆ ಒಂದು ಹನಿ ಜೇನು ನೆಕ್ಕಿಸುತ್ತಿದ್ದರು. ಯಾರ ಬೆರಳಿನಿಂದ ನೆಕ್ಕಿತೋ ಅವರ ನಾಲಗೆ ಕೂಸಿಗೆ ಬರುತ್ತದೆ ಎಂಬುದು ನಂಬಿಕೆ. ಮೊದಲ ಹೆರಿಗೆ ತವರಿನಲ್ಲಿ ಆಗುವುದರಿಂದ ಸಾಮಾನ್ಯವಾಗಿ ತಾಯಿಯ ತಾಯಿಯೇ ನೆಕ್ಕಿಸುವುದು. ಮಗಳು ಬಸುರಿ ಎಂದು ಸುದ್ದಿ ಬಂದ ದಿನದಿಂದ ಗುರುಬಾಯಿಗೆ ಅದೊಂದೇ ಕನಸು. ಅವಳಿಗೆ ಇದ್ದವಳು ಒಬ್ಬಳೇ ಮಗಳು. ಹೊಲ, ದನ, ಕೂಲಿಯಾಳು ಎಂದು ಆಯುಷ್ಯವೆಲ್ಲ ಒದರಾಡಿಕೊಂಡು ಕಳೆದವಳಿಗೆ ಆ ಎಳೆಯ ಬಾಯಿಗೆ ತನ್ನ ಬೆರಳು ಇಡುವುದು ಎಂದರೆ ಬೇರೆ ಏನೂ ಬೇಡ ಎನ್ನುವಷ್ಟು ಆಸೆ.

ಸುಭದ್ರಾಬಾಯಿ ಬಂದ ಮರುದಿನ, ಊಟಕ್ಕೆ ಕೂತಾಗ, ಮೆಲ್ಲಗೆ ಮಾತು ತೆಗೆದಳು.

"ಗುರುಬಾಯಿಯವರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಹೇಳ್ರಿ."

"ಕೂಸಿಗಿ ಜೇನು ನಾ ನೆಕ್ಕಿಸ್ತೇನ್ರಿ. ನಿಮ್ಮ ಮ್ಯಾಲ ನನಗೇನೂ ಇಲ್ಲ. ಆದ್ರ ನಿಮ್ಮ ಬಾಯಿ ನೋಡಿದ್ರ ಹಿಂಗ. ನಾಳಿ ಹೆಣ್ಣು ಹುಟ್ಟಿ, ಅದಕ್ಕ ನಿಮ್ಮ ನಾಲಿಗಿ ಬಂತು ಅಂದ್ರ ಯಾರ ಮನಿಗಿ ಕೊಡೂದ್ರಿ ಅದನ್ನ? ನಿಮ್ಮ ಮಗಳನ್ನ ನೋಡ್ರಿ, ಬಂಗಾರ. ಹ್ವಾದ ವರ್ಷ ಕರು ಬಿಚ್ಚಿಕೊಂಡು ಹಾಲೆಲ್ಲಾ ಕುಡದಿತ್ತು. ಇಕಿನೇ ಕಟ್ಟಿಲ್ಲ ಅಂತ ನಾ ಎಲ್ಲಾರ ಮುಂದ ಬೈದೆ. ಆಮ್ಯಾಲ ಗೊತ್ತಾತು, ಕಟ್ಟದೆ ಬಿಟ್ಟಾಕಿ ನಮ್ಮ ಕಸ್ತೂರಿಬಾಯಿ, ನನ್ನ ಮಗಳು. ಇಕಿ ಆಗಲೂ ತುಟಿ ಬಿಚ್ಚಲಿಲ್ಲ, ಈಗಲೂ ಬಿಚ್ಚಿಲ್ಲ. ಸೊಸಿ ಅಂದ್ರ ಹಿಂಗ ಇರಬೇಕು."

ಆಕೆ ಹೊಗಳಿಯೇ ಹೇಳಿದ್ದು, ಅದರಲ್ಲಿ ಕೊಂಕಿರಲಿಲ್ಲ. ಸುಭದ್ರಾಬಾಯಿ ಕೆಟ್ಟ ಅತ್ತೆಯೂ ಅಲ್ಲ. ಆದರೆ ಗುರುಬಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಎದುರಿಗೆ ರೊಟ್ಟಿ ಬಡಿಸುತ್ತಿದ್ದ ಭಾಗಮ್ಮ ತಲೆ ಎತ್ತಲಿಲ್ಲ. ಅವಳ ಬಾಯಿಗೆ ಮಾತುಗಳು ಸಾಲುಗಟ್ಟಿ ಬಂದು ನಿಂತವು. ಬಿಟ್ಟರೆ ಹಿರೋಳ್ಳಿಯ ತನಕ ಕೇಳಿಸುತ್ತಿತ್ತು. ಬಿಟ್ಟರೆ ಆಕೆ ಹೇಳಿದ್ದೇ ನಿಜವಾಗುತ್ತದಲ್ಲ ಎಂದು ಉಗುಳು ನುಂಗಿ ಸುಮ್ಮನಾದಳು.

"ಹಿಂಗ ಮಾಡೋಣು," ಎಂದಳು ಕೊನೆಗೆ. "ಹೆರಿಗಿ ಆಗೂತನ ನನ್ನ ಬಾಯಿಂದ ಒಂದು ಬಿರುಸು ಮಾತು ಬಂತು ಅಂದ್ರ ಜೇನು ನೀವೇ ನೆಕ್ಕಿಸ್ರಿ. ಬರಲಿಲ್ಲ ಅಂದ್ರ ನಾ ನೆಕ್ಕಿಸ್ತೇನಿ. ಆತಿಲ್ಲೋ?"

ಸುಭದ್ರಾಬಾಯಿ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. "ಆತ್ರಿ," ಎಂದಳು.

ಅಲ್ಲಿಂದ ಮುಂದಿನ ದಿನಗಳು ಗೊಬ್ಬೂರಿಗೇ ವಿಚಿತ್ರವಾಗಿದ್ದವು. ಪಕ್ಕದ ಮನೆಯ ಕೋಳಿ ಅಂಗಳದಲ್ಲಿ ಹಾಕಿದ್ದ ಮೆಣಸಿನಕಾಯಿಯನ್ನು ಕೆದರಿ ಹಾಳುಮಾಡಿದರೆ ಗುರುಬಾಯಿ ಅದರ ಹಿಂದೆ ನಡೆದುಕೊಂಡು ಹೋಗಿ, "ಹೋಗವ್ವಾ, ನಿಮ್ಮ ಮನಿಗಿ ಹೋಗು," ಎಂದಳು. ಕೂಲಿಯಾಳು ಹೊತ್ತು ನೆತ್ತಿಗೇರಿದ ಮೇಲೆ ಬಂದ. ಎಂದಿನ ಮಂಗಳಾರತಿಗೆ ತಲೆ ಬಗ್ಗಿಸಿ ನಿಂತವನಿಗೆ "ಬಂದ್ಯಾ ತಮ್ಮಾ, ಉಂಡು ಹೊಲಕ್ಕ ಹೋಗು," ಎಂಬ ಮಾತು ಕೇಳಿ ಎದೆ ಧಸಕ್ಕೆಂದಿತು. ತನ್ನನ್ನು ಕೆಲಸದಿಂದ ಬಿಡಿಸುತ್ತಾಳೆಂದೇ ಅವನು ತಿಳಿದ. ಮೈದುನ ದತ್ತಪ್ಪ ಹೆಂಡತಿಯನ್ನು ಕಳಿಸಿ, ಅತ್ತಿಗೆಗೆ ಮೈಯಲ್ಲಿ ಹುಷಾರಿದೆಯೇ ಎಂದು ವಿಚಾರಿಸಿದ. ಯಾರೋ ದರ್ಗಾದಿಂದ ತಾಯತ ತಂದುಕೊಡುತ್ತೇನೆ ಎಂದರು. ಗುರುಬಾಯಿ ಎಲ್ಲರಿಗೂ ಮೆಲ್ಲಗೆ, ನಕ್ಕು, ಉತ್ತರ ಹೇಳುತ್ತಿದ್ದಳು. ಆ ನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಸುತ್ತಿತ್ತು. ಒಮ್ಮೊಮ್ಮೆ ಅವಳು ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಿವಿಯಲ್ಲಿ ಪಿಸುಗುಟ್ಟಿ ಬರುತ್ತಿದ್ದಳಂತೆ. ಏನು ಹೇಳುತ್ತಿದ್ದಳು ಎನ್ನುವುದು ಎಮ್ಮೆಗೇ ಗೊತ್ತು.

ಎಳ್ಳಮಾಸಿ ಹತ್ತಿರ ಬಂತು. ಆ ಹಬ್ಬದ ಆಸುಪಾಸಿನ ಚಳಿ ವಾರಗಳಲ್ಲಿ ಅಫಜಲಪುರದ ಸಂತೆಯ ಕಳೆಯೇ ಬೇರೆ. ಅಂಗಡಿಯವರ ಸಾಲನ್ನು ಬಿಟ್ಟು ಹೊರಗೆ, ರಸ್ತೆಯ ಎರಡೂ ಬದಿಗೆ, ರೈತರು ತಾವು ಬೆಳೆದದ್ದನ್ನು ತಾವೇ ಹರಡಿಕೊಂಡು ಕೂರುತ್ತಿದ್ದರು. ಹಸಿ ತೊಗರಿಕಾಯಿ, ಕಡಲೆಯ ಸೊಪ್ಪು, ಪುಂಡಿಪಲ್ಯ, ಬಾರೆಹಣ್ಣು, ಹಾಲುಗಾಳಿನ ಜೋಳದ ತೆನೆ. ಆ ಕೆಲವು ವಾರ ಮಾತ್ರ ಭೀಮಾ ಹೊಳೆಯ ದಂಡೆಯ ಸೊನ್ನ ಎಂಬ ಊರಿನಿಂದ ಬಂದೇನವಾಜ ಎಂಬವನು ಜೇನು ತರುತ್ತಿದ್ದ. ಹೊಳೆಯ ದಂಡೆಯ ದೊಡ್ಡ ಮರಗಳಲ್ಲಿ ಹೆಜ್ಜೇನು ಬಿಡಿಸುವುದು ಅವನ ಮನೆತನದ ಕಸುಬು. ಮಣ್ಣಿನ ಗಡಿಗೆಯಲ್ಲಿ ಹಿಂಡಿದ ಜೇನು, ಪಕ್ಕದಲ್ಲಿ ಮುತ್ತುಗದ ಎಲೆಯ ಮೇಲೆ ಜೇನುಹುಟ್ಟಿನ ತುಂಡುಗಳು, ಅವುಗಳ ಮೇಲೆ ಒದ್ದೆ ಬಟ್ಟೆ. ಅವನ ಅಂಗಡಿ ಎಂದರೆ ಅಷ್ಟೇ.

ಬೀಗತಿಯರಿಬ್ಬರೂ ಬಂಡಿ ಕಟ್ಟಿಸಿಕೊಂಡು ಸಂತೆಗೆ ಹೊರಟರು. ಕೂಸಿನ ಜೇನು ತಾನೇ ಆರಿಸಿ ತರಬೇಕೆಂದು ಗುರುಬಾಯಿಯ ಹಟ. ಸುಭದ್ರಾಬಾಯಿ ಹೊರಟದ್ದು ಸಂತೆ ನೋಡಲು ಎಂದು ಹೇಳಿದರೂ, ಬೀಗತಿಯ ಬಾಯಿ ಕಾಯುವುದಕ್ಕೆ ಎಂದೇ ನನ್ನ ಎಣಿಕೆ. ಏಕೆಂದರೆ ಬಾಯಿ ಮುಚ್ಚಿಕೊಂಡು ಸಂತೆ ಮಾಡಿದವರನ್ನು ನೀವಾದರೂ ನೋಡಿದ್ದೀರಾ? ಗುರುಬಾಯಿ ಮಾಡಿದಳು. ಸೊಪ್ಪಿನವನು ಹೇಳಿದ ಬೆಲೆಗೆ ತಲೆಯಾಡಿಸಿದಳು. ಬಾರೆಹಣ್ಣಿನವಳು ಹುಳುಕು ಹಣ್ಣು ಹಾಕಿದ್ದನ್ನು ಕಂಡೂ ಉಡಿಗೆ ಸುರಿದುಕೊಂಡಳು. ಎದೆಯ ಮೇಲೆ ಕಲ್ಲಿಟ್ಟುಕೊಂಡವಳ ಹಾಗೆ ಒಂದೊಂದೇ ದಾಟಿಕೊಂಡು ಬಂದೇನವಾಜನ ಗಡಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಬರ್ರಿ ಗುರುಬಾಯಕ್ಕಾ," ಎಂದ ಅವನು. "ಈ ಸಲ ತೊಗರಿ ಹೂವಿನ ಜೇನದ. ನೋಡ್ರಿ, ನೆಕ್ಕಿ ನೋಡ್ರಿ."

ಅವಳು ಅಂಗೈಗೆ ಹಾಕಿಸಿಕೊಂಡು ನೆಕ್ಕಿದಳು. ಸಿಹಿ ಇತ್ತು, ಕಂಪೂ ಇತ್ತು. ಆದರೆ ನಾಲಗೆಯ ಮೇಲೆ ಸಣ್ಣ ಸಣ್ಣ ಹರಳು. ಅಂಗುಳಕ್ಕೆ ಒತ್ತಿದರೆ ಕರಕರ ಎಂದಿತು. ಆ ಸೀಮೆಯ ಬಿಸಿಲಿಗೆ ಜೇನು ಯಾವತ್ತೂ ನೀರಿನ ಹಾಗೆ ಹರಿಯುತ್ತದೆ. ಹರಳುಗಟ್ಟಿದ ಜೇನನ್ನು ಗುರುಬಾಯಿ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಸಕ್ಕರೆ ಎಂದುಕೊಂಡಳು. ಹಸುಗೂಸಿನ ಬಾಯಿಗೆ ಸಕ್ಕರೆ ಪಾಕ ಮಾರುತ್ತಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಪಕ್ಕದಲ್ಲಿ ಸುಭದ್ರಾಬಾಯಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಬಂದೇನವಾಜಣ್ಣಾ," ಎಂದಳು ಗುರುಬಾಯಿ, ದನಿಯನ್ನು ಹಿಡಿದು ಹಿಡಿದು, "ಇದರಾಗ ಸಕ್ಕರಿ ಕೂಡೇದೋ ಏನೋ ಅನಸ್ತದ."

"ಇಲ್ರಿ ಅಕ್ಕಾ. ಈ ವರ್ಷ ಥಂಡಿ ಬಾಳ ಬಿದ್ದದಲ್ರಿ, ಥಂಡಿಗಿ ಹಂಗ ಹರಳ ಕಟ್ಟ್ಯದ."

"ಥಂಡಿಗಿ?"

"ಹೌದ್ರಿ, ಥಂಡಿಗಿ," ಎಂದವನೇ ಅವನು ಗುರುಬಾಯಿಯ ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿದ. ಆಕೆ ಬಾಣಂತಿ ಮಗಳಿಗೆಂದು ಜೇನು ಕೊಳ್ಳಲು ತಂಬಿಗೆ ಹಿಡಿದು ನಿಂತಿದ್ದಳು. ಬಂದೇನವಾಜ ಸೌಟನ್ನು ಗಡಿಗೆಯಲ್ಲಿ ಅದ್ದಿ ಅವಳ ತಂಬಿಗೆಗೆ ಸುರಿಯತೊಡಗಿದ.

ಮೆಲ್ಲಗೆ ಆಡಿದ ಮಾತಿಗೆ ಇಷ್ಟೇ ಬೆಲೆ ಎಂದು ಗುರುಬಾಯಿಗೆ ಅನ್ನಿಸಿತು. ತನ್ನ ಮೊಮ್ಮಗುವಿಗೆ ಬೇಡವೆಂದು ಎದ್ದು ಹೋಗಬಹುದಿತ್ತು, ಪಂದ್ಯವೂ ಉಳಿಯುತ್ತಿತ್ತು. ಆದರೆ ಆ ತಂಬಿಗೆ ತುಂಬುತ್ತಿರುವುದನ್ನು ನೋಡಿಕೊಂಡು ಹೇಗೆ ಏಳುವುದು? ಅದೂ ಯಾರದೋ ಬಾಣಂತಿಯ ಹೊಟ್ಟೆಗೆ ಹೋಗುವಂಥದ್ದು. ಇಷ್ಟು ದಿನ ಕಟ್ಟಿ ಇಟ್ಟದ್ದೆಲ್ಲ ಒಮ್ಮೆಲೇ ಒಡೆಯಿತು.

"ಲೇ ಬಂದೇನವಾಜ, ಬಿಡಲೇ ಆ ಸೌಟು. ಬಾಣಂತಿ ಹೊಟ್ಟಿಗಿ ಸಕ್ಕರಿ ಪಾಕ ಹಾಕಾಕತ್ತಿ ಏನಲೇ? ಸೊನ್ನದಾಂವ, ಹಿರೇರ ಕಾಲದಿಂದ ಜೇನು ಬಿಡಸಾಂವ ಅಂತ ನಂಬಿ ಬಂದ್ರ ಬಾಯಾಗ ಮಣ್ಣು ಹಾಕ್ತಿಯಾ? ಥಂಡಿ ಅಂತ ಥಂಡಿ. ಥಂಡಿಗಿ ಜೇನು ಸಕ್ಕರಿ ಆಗೂದಾದ್ರ ಭೀಮಾ ಹೊಳಿ ತುಪ್ಪ ಆಗಿ ಹರೀಬೇಕಾಗಿತ್ತು. ನಿನ್ನ ಗಡಗಿ ಮಣ್ಣಗೂಡ್ಲಿ. ಕೂಸುಗೂಳ ಬಾಯಿ ಅಂತಾದರೂ ನೋಡಬಾರದೇನಲೇ?"

ಸಂತೆಗೆ ಸಂತೆಯೇ ನಿಂತಿತು. ತಂಬಿಗೆಯ ಹೆಂಗಸು ಜೇನನ್ನು ತಿರುಗಿ ಗಡಿಗೆಗೆ ಸುರಿದು ಹಿಂದೆ ಸರಿದಳು. ಇನ್ನಿಬ್ಬರು ಬಂದ ದಾರಿಯಲ್ಲೇ ಹೋದರು. ಬಂದೇನವಾಜ ಒದ್ದೆ ಬಟ್ಟೆ ಸರಿಸಿ, ಜೇನುಹುಟ್ಟಿನ ಒಂದು ತುಂಡನ್ನು ಎತ್ತಿ ಅವಳ ಅಂಗೈ ಮೇಲೆ ಇಟ್ಟ. ಹುಟ್ಟಿನ ಕಣ್ಣುಗಳ ಮೇಲೆ ಹುಳುಗಳು ಹಾಕಿದ ಮೇಣದ ಮುಚ್ಚಳ ಹಾಗೆಯೇ ಇತ್ತು. ಅವನು ಚಾಕುವಿನ ತುದಿಯಿಂದ ಆ ಮುಚ್ಚಳವನ್ನು ಕೆರೆದ. ಒಳಗೆ ಅದೇ ಜೇನು, ಅದೇ ಬಿಳಿ ಹರಳು.

"ಬೈಯೂದು ಬೈಯ್ರಿ ಅಕ್ಕಾ," ಎಂದ. "ಆದ್ರ ಈ ಮುಚ್ಚಳ ಹಾಕಿದ್ದು ಹುಳ, ನಾ ಅಲ್ಲ. ಇದರಾಗ ಸಕ್ಕರಿ ನಾ ಹ್ಯಾಂಗ ಹಾಕಲಿ?"

ಗುರುಬಾಯಿ ಇನ್ನೊಂದು ಕಣ್ಣನ್ನು ತಾನೇ ಉಗುರಿನಿಂದ ಕೆರೆದಳು. ಅಲ್ಲೂ ಹರಳು. ಇನ್ನೊಂದು ಕೆರೆದಳು. ಅವಳ ಮುಖ ಸಣ್ಣದಾಯಿತು. ಸುತ್ತ ಜನ ಕಾಯುತ್ತಿದ್ದರು. ಇಂಥ ಹೊತ್ತಿನಲ್ಲಿ ಯಾರೇ ಆದರೂ ಸೆರಗು ಹೊದ್ದುಕೊಂಡು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಅವಳು ಎದ್ದು ನಿಂತಳು. ಬೈದಾಗ ಎಷ್ಟು ದೊಡ್ಡ ದನಿಯಿತ್ತೋ ಅಷ್ಟೇ ದೊಡ್ಡ ದನಿಯಲ್ಲಿ ಕೂಗಿದಳು.

"ಕೇಳ್ರೆಪ್ಪಾ ಎಲ್ಲಾರೂ. ತಪ್ಪು ನಂದದ. ಜೇನು ಅಸಲಿ ಅದ, ಬಂದೇನವಾಜನೂ ಅಸಲಿ ಮನಷ್ಯಾ. ನಾ ತಿಳೀದ ಬೈದೀನಿ. ಓಡಿ ಹ್ವಾದವರು ಬರ್ರಿ, ತೊಗೊಳ್ರಿ. ಹೇ ಯವ್ವಾ, ತಂಬಿಗಿಯಾಕಿ, ಎಲ್ಲಿ ಹೊಂಟಿ? ಬಾ ಇಲ್ಲಿ."

ತಂಬಿಗೆಯಾಕೆ ಬಂದಳು. ಆಕೆಯ ಹಿಂದೆ ಇನ್ನಷ್ಟು ಜನ ಬಂದರು, ಏನಿದು ಗದ್ದಲ ಎಂದು ನೋಡಲು ಬಂದವರೂ ಸೇರಿ. ಬಂದೇನವಾಜ ಕಣ್ಣೊರೆಸಿಕೊಂಡು ಸೌಟು ಹಿಡಿದ. ಗುರುಬಾಯಿಗೆ ಅಳೆದು ಹಾಕುವಾಗ, ಗಡಿಗೆಯನ್ನು ಬಿಸಿಲಿಗೆ ಇಟ್ಟರೆ ಹರಳು ಕರಗುತ್ತದೆ ಎಂದೂ ಹೇಳಿಕೊಟ್ಟ. ಅವಳು ಹೂಂಗುಟ್ಟಿದಳಷ್ಟೇ. ಅವಳ ಗಮನ ಅಲ್ಲಿರಲಿಲ್ಲ. ಸುಭದ್ರಾಬಾಯಿಯ ಕಡೆ ತಿರುಗಲು ಅವಳಿಗೆ ಧೈರ್ಯವಾಗುತ್ತಿರಲಿಲ್ಲ.

ಬಂಡಿ ಊರಿನ ದಾರಿ ಹಿಡಿಯಿತು. ಎರಡೂ ಕಡೆ ಜೋಳ ತೆನೆ ಹಿಡಿದು ನಿಂತಿತ್ತು. ಜೇನಿನ ಗಡಿಗೆ ಗುರುಬಾಯಿಯ ಮಡಿಲಲ್ಲಿತ್ತು.

"ಮಾತು ಮಾತೇ ಅಲ್ಲೇನ್ರಿ, ಗುರುಬಾಯಿಯವರ?" ಎಂದಳು ಸುಭದ್ರಾಬಾಯಿ. ಗೆದ್ದ ದನಿಯಲ್ಲೇನೂ ಹೇಳಲಿಲ್ಲ, ಸಮಾಧಾನವಾಗಿಯೇ ಕೇಳಿದಳು.

"ಮಾತು ಮಾತೇ ರಿ," ಎಂದಳು ಗುರುಬಾಯಿ. ಮನೆ ಬರುವ ತನಕ ಅವಳು ಹೊಲದ ಕಡೆಗೆ ಮುಖ ಮಾಡಿಕೊಂಡು ಕೂತಿದ್ದಳು, ಅಳುವುದನ್ನು ಬೀಗತಿ ನೋಡಬಾರದೆಂದು.

ಮನೆಯಲ್ಲಿ ಸುಭದ್ರಾಬಾಯಿ ಸಂತೆಯ ಕಥೆಯನ್ನೆಲ್ಲ ಸೊಸೆಗೆ ಹೇಳಿದಳು. ಹೊಳೆ ತುಪ್ಪವಾಗುವ ಮಾತು, ಮುಚ್ಚಳ ಕೆರೆದದ್ದು, ತಪ್ಪೊಪ್ಪಿಕೊಂಡು ಕೂಗಿದ್ದು, ಒಂದನ್ನೂ ಬಿಡಲಿಲ್ಲ. ಹೇಳುವಾಗ ನಕ್ಕು ನಕ್ಕು ಆಕೆಯ ಕಣ್ಣಲ್ಲಿ ನೀರು ಬಂತು. ಭಾಗಮ್ಮ ಅಕ್ಕಿ ಆರಿಸುತ್ತ ಕೇಳಿದಳು. ನಗಲಿಲ್ಲ.

ಎಳ್ಳಮಾಸಿ ಕಳೆದು ಸ್ವಲ್ಪ ದಿನಕ್ಕೆ, ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಭಾಗಮ್ಮನಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಸೂಲಗಿತ್ತಿ ಮೈ ತೊಳೆದು, ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಸುತ್ತಿ, ತಾಯಿಯ ಪಕ್ಕದಲ್ಲಿ ಮಲಗಿಸಿದಳು. ಗುರುಬಾಯಿ ಒಳಗೆ ಹೋಗಿ ಬಟ್ಟಲಲ್ಲಿ ಜೇನು ತಂದಳು. ಬಿಸಿಲಿಗೆ ಇಟ್ಟು ಇಟ್ಟು ಹರಳೆಲ್ಲ ಕರಗಿ ತಿಳಿಯಾಗಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು ಬೀಗತಿಯ ಮುಂದೆ ಚಾಚಿದಳು.

"ತೊಗೊಳ್ರಿ, ಸುಭದ್ರಾಬಾಯಿಯವರ."

ಸುಭದ್ರಾಬಾಯಿ ಉಂಗುರದ ಬೆರಳನ್ನು ಜೇನಿನಲ್ಲಿ ಅದ್ದಿ ಕೂಸಿನ ಕಡೆ ಬಾಗಿದಳು. ಭಾಗಮ್ಮ ಅಂಗೈಯಿಂದ ಕೂಸಿನ ಬಾಯಿ ಮುಚ್ಚಿದಳು.

"ತಡೀರಿ ಅತ್ತಿ. ಜೇನು ನಮ್ಮವ್ವ ನೆಕ್ಕಿಸ್ಲಿ."

ಆ ದನಿ ಎಲ್ಲಿಂದ ಬಂತು ಎಂದು ಸೂಲಗಿತ್ತಿ ಹಿಂತಿರುಗಿ ನೋಡಿದಳು. ಯಾರೂ ಕೇಳದೆ ಭಾಗಮ್ಮ ತಾನಾಗಿ ಒಂದು ಮಾತು ಆಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಗುರುಬಾಯಿ.

"ಸುಮ್ಮನಿರ ಬೇ," ಎಂದಳು. "ನಾ ಮಾತು ಕೊಟ್ಟೀನಿ, ಸೋತೀನಿ. ನನ್ನ ನಾಲಿಗಿ ಈ ಕೂಸಿಗಿ ಬ್ಯಾಡ. ತಪ್ಪು ಇಲ್ಲದಾಂವನ್ನ ನಾಕು ಮಂದ್ಯಾಗ ಬೈದ ನಾಲಿಗಿ ಇದು."

ಭಾಗಮ್ಮ ಅಂಗೈ ತೆಗೆಯಲಿಲ್ಲ.

"ತಪ್ಪು ನಿಂದಿದ್ದಾಗೂ ನೀ ಬಾಯಿ ತೆರದು ಹೇಳಿದಿ, ಯವ್ವಾ," ಎಂದಳು. "ಆ ಕರುವಿನ ದಿನ ನಾ ಖರೇ ಇದ್ದಾಗೂ ತೆರೀಲಿಲ್ಲ."

ಸುಭದ್ರಾಬಾಯಿಯ ಬೆರಳಿನಿಂದ ಜೇನು ಚಾಪೆಯ ಮೇಲೆ ತೊಟ್ಟಿಕ್ಕಿತು. ಆಕೆ ಸೊಸೆಯ ಮುಖವನ್ನು ನೋಡಿದಳು, ಕೂಸಿನ ಬಾಯಿಯ ಮೇಲಿದ್ದ ಕೈಯನ್ನು ನೋಡಿದಳು. ಬೆರಳನ್ನು ತನ್ನ ಸೆರಗಿಗೆ ಒರೆಸಿಕೊಂಡು, ಬಟ್ಟಲನ್ನು ಗುರುಬಾಯಿಯ ಕಡೆಗೆ ತಳ್ಳಿದಳು.

ಗುರುಬಾಯಿ ಕೂತಳು. ಬೆರಳನ್ನು ಜೇನಿನಲ್ಲಿ ಅದ್ದಿದಳು. ಆಗ ಭಾಗಮ್ಮ ಕೂಸಿನ ಬಾಯಿಯ ಮೇಲಿಂದ ಕೈ ತೆಗೆದಳು.